ಫೈಬರ್ ದೋಣಿಗೆ ಏಣಿ ಕೂರಿಸುವಾಗ ಬೋಲ್ಟಿಗಿಂತ ತೂತು ಮುಖ್ಯ

ನಮ್ಮ ತೋಟದ ಕೆರೆಯಲ್ಲಿ ಒಂದು ಸಣ್ಣ ಫೈಬರ್ ದೋಣಿ ಇದೆ. ತಂದಾಗಲೇ ಅದರ ಹಿಂಬದಿಗೆ ಒಂದು ಮಡಚುವ ಏಣಿ ಹಾಕಿಸಿದ್ದೆವು. ಕೂರಿಸಿಕೊಟ್ಟವರು ನಾಲ್ಕು ಸ್ಕ್ರೂ ಹೊಡೆದು, ಸುತ್ತ ಸಿಲಿಕೋನ್ ಬಳಿದು ಹೋದರು. ಎರಡು ಮಳೆಗಾಲ ಚೆನ್ನಾಗಿಯೇ ಇತ್ತು. ಆಮೇಲೆ ಒಂದು ದಿನ ನನ್ನ ತಮ್ಮ ನೀರಿನಿಂದ ಹತ್ತಲು ಏಣಿ ಹಿಡಿದರೆ, ಏಣಿ ಸ್ಕ್ರೂ ಸಮೇತ ಕೈಗೇ ಬಂತು. ಆ ತೂತಿಗೆ ಸ್ಕ್ರೂಡ್ರೈವರ್ ಹಾಕಿ ಕೆದಕಿದಾಗ ಒಳಗಿನ ಪ್ಲೈವುಡ್ ಕಾಫಿ ಚರಟದ ಹಾಗೆ ಉದುರಿತು.

ಎಂಜಿನ್ ಕೂರುವ ಆ ಹಿಂದಿನ ಗೋಡೆಗೆ ಟ್ರಾನ್ಸಮ್ ಅನ್ನುತ್ತಾರೆ. ನೋಡಲು ಪೂರ್ತಿ ಫೈಬರ್ ಅನಿಸುತ್ತದೆ, ಆದರೆ ಹೆಚ್ಚಿನ ಸಣ್ಣ ದೋಣಿಗಳಲ್ಲಿ ಹೊರಗೊಂದು ಒಳಗೊಂದು ಫೈಬರ್ ಪದರ, ನಡುವೆ ಪ್ಲೈವುಡ್. ಫೈಬರ್ ಕೊಳೆಯುವುದಿಲ್ಲ, ಪ್ಲೈವುಡ್ ಕೊಳೆಯುತ್ತದೆ. ನೀವು ಕೊರೆಯುವ ಒಂದೊಂದು ತೂತೂ ನೀರಿಗೆ ಒಂದೊಂದು ಬಾಗಿಲು. ಹಾಗಾಗಿ ಕೆಲಸದ ಮುಕ್ಕಾಲು ಪಾಲು ಆ ಬಾಗಿಲು ಮುಚ್ಚುವುದರಲ್ಲೇ ಇದೆ, ಬೋಲ್ಟ್ ಬಿಗಿಯುವುದು ಕೊನೆಯ ಹತ್ತು ನಿಮಿಷದ ಮಾತು. ಏಣಿ ಇರಲಿ, ಹಗ್ಗ ಕಟ್ಟುವ ಯು-ಬೋಲ್ಟ್ ಇರಲಿ, ಎಂಜಿನ್ ಬ್ರಾಕೆಟ್ ಇರಲಿ, ದಾರಿ ಒಂದೇ.

ಕೊಡಗಿನಲ್ಲಿ ಇದಕ್ಕೆ ಸರಿಯಾದ ಕಾಲ ಫೆಬ್ರವರಿ, ಮಾರ್ಚ್. ಜುಲೈ, ಆಗಸ್ಟಿನ ಕಕ್ಕಡದ ಮಳೆಯಲ್ಲಿ ಶೆಡ್ಡಿನೊಳಗೆ ಮಾಡಿದರೂ ಮರ ಒಣಗುವುದಿಲ್ಲ, ತೂತು ತುಂಬಲು ಬಳಸುವ ಎಪಾಕ್ಸಿ (ಎರಡು ದ್ರವ ಕಲಸಿದರೆ ಗಟ್ಟಿಯಾಗುವ ಅಂಟು) ಒದ್ದೆ ಮರಕ್ಕೆ ಸರಿಯಾಗಿ ಹಿಡಿಯುವುದಿಲ್ಲ. ಕಾಫಿ ಕೊಯ್ಲು ಮುಗಿದು ಕಣ ಖಾಲಿ ಆದ ಮೇಲೆ ದೋಣಿಯನ್ನು ಅಲ್ಲೇ ಎಳೆದು ಹಾಕಿ, ಕಾಫಿ ಹೂ ಅರಳಿಸುವ ಹೂಮಳೆ ಬರುವ ಮೊದಲು ಮುಗಿಸಿಬಿಡಿ.

ಮೊದಲು ತಟ್ಟಿ ನೋಡಿ. ಸ್ಕ್ರೂಡ್ರೈವರ್ ಹಿಡಿಯಿಂದ ಇಡೀ ಗೋಡೆಯನ್ನು ಹಲಸಿನ ಹಣ್ಣು ತಟ್ಟುವ ಹಾಗೆ ತಟ್ಟುತ್ತಾ ಬನ್ನಿ. ಗಟ್ಟಿ ಜಾಗ ಟಕ್ ಟಕ್ ಅನ್ನುತ್ತದೆ, ಕೊಳೆತ ಜಾಗ ದಬ್ ಅನ್ನುತ್ತದೆ. ಆಮೇಲೆ ಏಣಿ ಬರುವ ಜಾಗದಲ್ಲಿ ಒಳಗಡೆಯಿಂದ 3 ಮಿಲಿಮೀಟರ್ ಬಿಟ್‌ನಲ್ಲಿ ಒಂದು ತೂತು ಕೊರೆದು ಪುಡಿ ನೋಡಿ. ಪುಡಿ ತಿಳಿ ಬಣ್ಣದಲ್ಲಿ ಗರಿಗರಿ ಇದ್ದರೆ ಸರಿ. ಕಪ್ಪಾಗಿ, ಒದ್ದೆಯಾಗಿ, ಕೊಳೆತ ವಾಸನೆ ಬಂದರೆ ಅಲ್ಲಿಗೇ ನಿಲ್ಲಿಸಿ. ಬರೀ ಒದ್ದೆಯಾದ ಮರ ಬಿಸಿಲಿಗೆ ವಾರಗಟ್ಟಲೆ ಇಟ್ಟರೆ ಒಣಗಬಹುದು. ಮೆತ್ತಗಾದ ಮರಕ್ಕೆ ಎಷ್ಟು ದೊಡ್ಡ ಬೋಲ್ಟ್ ಹಾಕಿದರೂ ನಿಲ್ಲುವುದಿಲ್ಲ, ಅದನ್ನು ಕೆತ್ತಿ ತೆಗೆದು ಹೊಸ ಪ್ಲೈವುಡ್ ಕೂರಿಸಬೇಕು.

ಗುರುತು ಹಾಕುವ ಮುಂಚೆ ದೋಣಿಯನ್ನು ಒಂದು ಸಲ ಜನ, ಸಾಮಾನು ಸಮೇತ ನೀರಲ್ಲಿ ನಿಲ್ಲಿಸಿ, ನೀರು ಎಲ್ಲಿವರೆಗೆ ಬರುತ್ತದೆ ಅಂತ ಗೆರೆ ಎಳೆದಿಟ್ಟುಕೊಂಡಿರಿ. ಆದಷ್ಟೂ ಆ ಗೆರೆಗಿಂತ ಮೇಲೆಯೇ ತೂತು ಇರಲಿ. ಹಿಂದುಗಡೆ ಕೈ ಹಾಕಿ ನಟ್ಟು ತಿರುಗಿಸಲು ಜಾಗ ಇದೆಯಾ, ವೈರು, ಪೆಟ್ರೋಲ್ ಪೈಪು ಅಡ್ಡ ಬರುತ್ತಾ, ಇದನ್ನೂ ನೋಡಿ.

ಈಗ ಕೊರೆಯುವುದು. ಕನ್ನಡಕ, ಮಾಸ್ಕ್, ತುಂಬು ತೋಳಿನ ಅಂಗಿ ಹಾಕಿಕೊಳ್ಳಿ, ಫೈಬರ್ ಪುಡಿ ಮೈಗೆ ಕೂತರೆ ಎರಡು ದಿನ ತುರಿಸುತ್ತದೆ. ಜಾಗಕ್ಕೆ ಮಾಸ್ಕಿಂಗ್ ಟೇಪ್ ಅಂಟಿಸಿ, ಅದರ ಮೇಲೆ ಗುರುತು ಹಾಕಿ. ಡ್ರಿಲ್ಲನ್ನು ಮೊದಲು ಉಲ್ಟಾ ತಿರುಗಿಸಿ, ಮೇಲಿನ ಹೊಳಪಿನ ಜೆಲ್‌ಕೋಟ್ ದಾಟಿದ ಮೇಲೆ ನೇರ ತಿರುಗಿಸಿದರೆ ಚಕ್ಕೆ ಏಳುವುದಿಲ್ಲ. 8 ಮಿಲಿಮೀಟರ್ ಬೋಲ್ಟ್ ಅಂದರೆ 8ರ ತೂತು ಅಂತ ಎಲ್ಲರೂ ಅಂದುಕೊಳ್ಳುತ್ತಾರೆ. ಅಲ್ಲ. ಮೊದಲು 13 ಅಥವಾ 14 ಮಿಲಿಮೀಟರ್‌ಗೆ ಕೊರೆಯಿರಿ. ದೊಡ್ಡದಾಯಿತು ಅಂತ ಹೆದರಬೇಡಿ, ಇದನ್ನು ತುಂಬಿಸುತ್ತೇವೆ.

ತೂತಿನ ಹೊರಬಾಯಿಗೆ ಟೇಪ್ ಅಂಟಿಸಿ. ಎಪಾಕ್ಸಿ ರೆಸಿನ್ ಮತ್ತು ಹಾರ್ಡನರ್ ಅನ್ನು ಡಬ್ಬಿಯ ಮೇಲೆ ಬರೆದ ಅಳತೆಯಲ್ಲೇ ಕಲಸಿ, ಕಣ್ಣಂದಾಜು ಬೇಡ. ಮೊದಲು ತೆಳ್ಳಗಿನದನ್ನೇ ಸಣ್ಣ ಬ್ರಷ್‌ನಲ್ಲಿ ತೂತಿನ ಒಳಗೋಡೆಗೆ ಬಳಿಯಿರಿ. ಪ್ಲೈವುಡ್ ಅದನ್ನು ಕುಡಿಯುತ್ತದೆ, ಕುಡಿಯಲಿ, ಇನ್ನೊಂದು ಸಲ ಬಳಿಯಿರಿ. ಆಮೇಲೆ ಉಳಿದದ್ದಕ್ಕೆ ಸಿಲಿಕಾ ಪುಡಿ ಸೇರಿಸಿ, ಇಡ್ಲಿ ಹಿಟ್ಟಿಗಿಂತ ಗಟ್ಟಿ ಮಾಡಿಕೊಂಡು, ಸೂಜಿ ತೆಗೆದ ಸಿರಿಂಜಿನಲ್ಲಿ ಗಾಳಿ ಉಳಿಯದ ಹಾಗೆ ತುಂಬಿ. ಎಂ-ಸೀಲ್ ಸಾಕಲ್ವಾ ಅಂತ ಕೇಳುವವರು ತುಂಬಾ ಜನ. ಸಾಲದು. ಅದು ತೂತು ಮುಚ್ಚುತ್ತದೆಯೇ ಹೊರತು ಮರದ ನಾರಿನೊಳಗೆ ಇಳಿಯುವುದಿಲ್ಲ.

ಒಂದು ಪೂರ್ತಿ ದಿನ ಬಿಡಿ. ನಮ್ಮ ಕಡೆ ರಾತ್ರಿ ಚಳಿ ಇದ್ದರೆ ಎರಡು ದಿನ. ಮೇಲೆ ಜಿಡ್ಡು ಪದರ ಕಂಡರೆ ನೀರಲ್ಲಿ ಉಜ್ಜಿ ತೊಳೆಯಿರಿ. ಈಗ ಆ ಎಪಾಕ್ಸಿಯ ನಡುಮಧ್ಯೆ 8ರ ತೂತು ಕೊರೆಯಿರಿ. ಬೋಲ್ಟಿನ ಸುತ್ತ ಒಂದು ಗಟ್ಟಿ ಕೊಳವೆ ಆಯಿತು, ಮುಂದೆ ಎಂದಾದರೂ ಸೀಲಂಟ್ (ನೀರು ನುಸುಳದಂತೆ ಸಂದಿಗೆ ಹಾಕುವ ಅಂಟು) ಬಿಟ್ಟುಕೊಂಡರೂ ನೀರಿಗೆ ಮರ ಸಿಗುವುದಿಲ್ಲ. ಹೊರಬಾಯಿಯನ್ನು ಕೌಂಟರ್‌ಸಿಂಕ್ ಬಿಟ್‌ನಲ್ಲಿ ಸ್ವಲ್ಪ ಅಗಲ ಮಾಡಿ. ಆ ಗುಳಿಯಲ್ಲಿ ಸೀಲಂಟ್ ಉಂಗುರದ ಹಾಗೆ ಕೂರುತ್ತದೆ.

ಸೀಲಂಟ್ ವಿಷಯದಲ್ಲಿ ನನ್ನದು ಹಠ: ಸಿಲಿಕೋನ್ ಬೇಡವೇ ಬೇಡ. ಅದು ಬಿಟ್ಟುಕೊಂಡ ಮೇಲೂ ಜಿಡ್ಡು ಉಳಿಸುತ್ತದೆ, ಆ ಜಾಗಕ್ಕೆ ಮುಂದೆ ಬೇರೇನೂ ಸರಿಯಾಗಿ ಅಂಟುವುದಿಲ್ಲ. ದೋಣಿಗೆಂದೇ ಬರುವ ಪಾಲಿಯುರೆಥೇನ್ ಸೀಲಂಟ್, ಉದಾಹರಣೆಗೆ ಸಿಕಾಫ್ಲೆಕ್ಸ್ 291, ತನ್ನಿ. 3ಎಂ 5200 ಇನ್ನೂ ಗಟ್ಟಿ, ಆದರೆ ಏಣಿಯನ್ನು ಮತ್ತೆ ಬಿಚ್ಚಬೇಕಾದರೆ ಫೈಬರ್ ಕಿತ್ತು ಬರುವಷ್ಟು ಗಟ್ಟಿ, ಹಾಗಾಗಿ ನಾನು ಹಾಕುವುದಿಲ್ಲ.

ಬೋಲ್ಟ್ ತುಕ್ಕು ಹಿಡಿಯದ ಸ್ಟೇನ್ಲೆಸ್ ಸ್ಟೀಲಿನದೇ ಇರಲಿ. ಕೆರೆ, ಹಾರಂಗಿ ಹಿನ್ನೀರು, ಕಾವೇರಿ ಎಲ್ಲವೂ ಸಿಹಿನೀರು, 304 ಗ್ರೇಡ್ ಸಾಕು. ಮಂಗಳೂರಿನ ಉಪ್ಪುನೀರಿಗೆ ಹೋಗುವುದಾದರೆ 316 ಬೇಕು. ಒಳಗಡೆ ನಟ್ಟಿನ ಕೆಳಗೆ 5–6 ಮಿಲಿಮೀಟರ್ ದಪ್ಪದ ಅಲ್ಯೂಮಿನಿಯಂ ಪಟ್ಟಿ ಕೊಡಿ, ಮೂಲೆಗಳನ್ನು ಉಜ್ಜಿ ದುಂಡಗೆ ಮಾಡಿ, ಮೇಲೆ ಅಗಲದ ವಾಶರ್ ಹಾಕಿ. ಬರೀ ವಾಶರ್ ಇದ್ದರೆ ಹತ್ತುವವರ ಭಾರ ಎಲ್ಲಾ ಒಂದೇ ಕಡೆ ಬಿದ್ದು ಫೈಬರ್ ಬಿರುಕು ಬಿಡುತ್ತದೆ. ತೋಟದಲ್ಲಿ ಸಿಲ್ವರ್ ಓಕ್ ಹಲಗೆ ಬೇಕಾದಷ್ಟು ಬಿದ್ದಿರುತ್ತದೆ, ದಯವಿಟ್ಟು ಅದನ್ನು ಹಾಕಬೇಡಿ, ಅದೂ ನೆನೆದು ಕೊಳೆಯುತ್ತದೆ.

ಎರಡೂ ಕಡೆ ಅಸಿಟೋನ್‌ನಲ್ಲಿ ಒರೆಸಿ. ಏಣಿಯ ಪಾದದ ಕೆಳಗೆ, ತೂತಿನ ಗುಳಿಗೆ, ಬೋಲ್ಟಿನ ತಲೆಯ ಕೆಳಗೆ ಸೀಲಂಟ್ ಧಾರಾಳ ಹಾಕಿ. ಬೋಲ್ಟಿನ ತುದಿಯ ಎಳೆಗೆ ಮಾತ್ರ ಒಂಚೂರು ಗ್ರೀಸ್, ಇಲ್ಲದಿದ್ದರೆ ಸ್ಟೀಲಿಗೆ ಸ್ಟೀಲ್ ಕಚ್ಚಿಕೊಂಡು ಅರ್ಧದಲ್ಲೇ ನಿಲ್ಲುತ್ತದೆ. ಹೊರಗೆ ಒಬ್ಬರು ಬೋಲ್ಟಿನ ತಲೆಯನ್ನು ಅಲುಗದಂತೆ ಹಿಡಿಯಲಿ, ಒಳಗಿಂದ ನೀವು ನೈಲಾಕ್ ನಟ್ಟು (ಸಡಿಲವಾಗದಂತೆ ಒಳಗೆ ನೈಲಾನ್ ಉಂಗುರ ಇರುವ ನಟ್ಟು) ಮಾತ್ರ ತಿರುಗಿಸಿ. ಬೋಲ್ಟ್ ತಿರುಗಿದರೆ ಸೀಲಂಟ್ ಕಿತ್ತು ಬರುತ್ತದೆ. ಸುತ್ತಲೂ ಸಮನಾಗಿ ಸೀಲಂಟ್ ಉಕ್ಕಿದಾಗ ನಿಲ್ಲಿಸಿ. ಜಾಸ್ತಿ ಬಿಗಿದರೆ ಎಲ್ಲಾ ಹೊರಗೆ ಹೋಗಿ ಒಳಗೆ ಏನೂ ಉಳಿಯುವುದಿಲ್ಲ.

ಒಂದು ವಾರ ನೀರಿಗೆ ಇಳಿಸಬೇಡಿ. ಅಷ್ಟರೊಳಗೆ ಹಳೆಯ, ಬಳಸದ ಸ್ಕ್ರೂ ತೂತುಗಳನ್ನೂ ಹೀಗೇ ಎಪಾಕ್ಸಿ ತುಂಬಿ ಮುಚ್ಚಿಬಿಡಿ. ಇಷ್ಟೆಲ್ಲಾ ಯಾಕೆ ಹೇಳುತ್ತಿದ್ದೇನೆ ಅಂದರೆ, 2019ರ ಆಗಸ್ಟ್‌ನಲ್ಲಿ ಕಾವೇರಿ ದಂಡೆಯ ಮನೆಗಳೊಳಗೆ ನೀರು ನುಗ್ಗಿದಾಗ ಜನರನ್ನು ಹೊರಗೆ ತಂದದ್ದು ರ‍್ಯಾಫ್ಟು, ದೋಣಿಗಳಲ್ಲೇ. ಅಂಥ ಹೊತ್ತಲ್ಲಿ ವಯಸ್ಸಾದವರೊಬ್ಬರು ಹಿಡಿದ ಏಣಿ ಕೈಗೆ ಬರಬಾರದು. ಮಳೆಗಾಲ ಮುಗಿದ ಮೇಲೆ ಪ್ರತಿ ವರ್ಷ ಒಂದು ಸಲ ಏಣಿ ಹಿಡಿದು ಜೋರಾಗಿ ಅಲ್ಲಾಡಿಸಿ, ಬೋಲ್ಟಿನ ಕೆಳಗೆ ಕಂದು ನೀರಿನ ಗೆರೆ ಇಳಿದಿದೆಯಾ ನೋಡಿ. ಗೆರೆ ಕಂಡರೆ ಆ ಬೋಲ್ಟ್ ಬಿಚ್ಚಿ, ಹಳೆ ಸೀಲಂಟ್ ಕೆರೆದು, ಒಣಗಿಸಿ, ಹೊಸದು ಹಾಕಿ.