ಪಿ53 ಕೊನೆಗೂ ಕರಗಿದ್ದು ಹೀಗೆ

ತುಮಕೂರಿನ ನಮ್ಮ ಪ್ರಯೋಗಾಲಯದಲ್ಲಿ ಇ. ಕೋಲಿ ಬ್ಯಾಕ್ಟೀರಿಯಾದಲ್ಲಿ ತಯಾರಿಸಿ ತೆಗೆದ, ಕ್ಯಾನ್ಸರ್ ತಡೆಯುವ ಮಾನವ ಪ್ರೋಟೀನ್ ಪಿ53ರ ಡಿಎನ್‌ಎ ಹಿಡಿಯುವ ಭಾಗ ಸೆಂಟ್ರಿಫ್ಯೂಜ್ ಕೊಳವೆಯ ತಳದಲ್ಲಿ ಬೆಳ್ಳನೆಯ ಗಸಿಯಾಗಿ ಕೂರುತ್ತಿತ್ತು. ಅಲ್ಪಸ್ವಲ್ಪ ಕರಗಿದ್ದೂ ಡಿಎನ್‌ಎಗೆ ಅಂಟುತ್ತಿರಲಿಲ್ಲ. ಬ್ಯಾಕ್ಟೀರಿಯಾದಲ್ಲಿ ಪ್ರೋಟೀನ್ ತಯಾರಿಕೆಗೆ ಚಾಲನೆ ಕೊಡುವ ರಾಸಾಯನಿಕ ಐಪಿಟಿಜಿಯನ್ನು ತಗ್ಗಿಸಿದರೂ, ಉಪ್ಪು ಹೆಚ್ಚಿಸಿದರೂ, ಗ್ಲಿಸರಾಲ್ ಬೆರೆಸಿದರೂ ಫಲವಿಲ್ಲ.

ಕೈಹಿಡಿದದ್ದು ತಂಪು ಮತ್ತು ಸತು (ಝಿಂಕ್). ಬ್ಯಾಕ್ಟೀರಿಯಾವನ್ನು 37 ಡಿಗ್ರಿಯಲ್ಲಿ ಬೆಳೆಸಿ, ಒಡಿ (ಬೆಳವಣಿಗೆ ತಿಳಿಸುವ ಮಬ್ಬಿನ ಅಳತೆ) 0.6 ತಲುಪಿದಾಗ ಫ್ಲಾಸ್ಕನ್ನು ಮಂಜುಗಡ್ಡೆಯ ನೀರಿನಲ್ಲಿ 20 ನಿಮಿಷ ತಣಿಸಿ. ಮೊದಲು 0.1 ಮಿಲಿಮೋಲಾರ್ ಝಿಂಕ್ ಸಲ್ಫೇಟ್, ಅನಂತರವೇ 0.2 ಮಿಲಿಮೋಲಾರ್ ಐಪಿಟಿಜಿ. 18 ಡಿಗ್ರಿಯಲ್ಲಿ ರಾತ್ರಿಯಿಡೀ. ಏಪ್ರಿಲ್ ಸೆಕೆಯಲ್ಲಿ ಶೀತಲ ವ್ಯವಸ್ಥೆಯಿಲ್ಲದ ಶೇಕರ್ 18ಕ್ಕೆ ಇಳಿಯದು. ಕೋಲ್ಡ್ ರೂಮಿನಲ್ಲಿಟ್ಟು ಓಡಿಸಿ.

ಯಾವ ಬಫರಿಗೂ ಲೋಹಗಳನ್ನು ಹಿಡಿದಿಡುವ ರಾಸಾಯನಿಕ ಇಡಿಟಿಎ ಬೇಡವೇ ಬೇಡ, ಅದು ಪ್ರೋಟೀನಿನ ಸತುವನ್ನೇ ಕಿತ್ತುಕೊಳ್ಳುತ್ತದೆ. ಡಿಎನ್‌ಎಗೆ ಅಂಟಿತೇ ಎಂದು ನೋಡುವ ಜೆಲ್‌ಗೆ ಹಾಕುವ ಟಿಬಿಇ ಬಫರಿನಲ್ಲೂ ಅದಿದೆ. ಇಡಿಟಿಎ ಇಲ್ಲದ ಟಿಬಿ ಬಫರ್ ಬಳಸಿ. ಪ್ರೋಟೀನನ್ನು ಶುದ್ಧೀಕರಿಸುವ ನಿಕಲ್ ಕಾಲಮ್ ದಾಟಿದ ಮೇಲೆ, ಅದು ಆಕ್ಸಿಡೀಕರಣಗೊಳ್ಳದಂತೆ ಕಾಯುವ ಡಿಟಿಟಿಯನ್ನು 1 ಮಿಲಿಮೋಲಾರ್ ಸೇರಿಸಿ.