‘ಸಾಲಿಟ್ಯೂಡ್’ ಪದವನ್ನು ಸರಿಯಾಗಿ ಬಳಸಲು ಒಂದು ಸಲಹೆ

ಇಂಗ್ಲಿಷ್ ಕಲಿಯುತ್ತಿರುವವರು ಗಮನಿಸಿ. ‘ಸಾಲಿಟ್ಯೂಡ್’ ಅಂದರೆ ಏಕಾಂತ. ಒಂಟಿತನದ ನೋವಿಗೆ ‘ಲೋನ್ಲಿನೆಸ್’ ಅನ್ನುವ ಬೇರೆ ಪದವೇ ಇದೆ. ಬೆಳಗ್ಗೆ ಮನೆಯವರೆಲ್ಲ ಏಳುವ ಮೊದಲು ಕಾಫಿ ಲೋಟ ಹಿಡಿದು ಜಗಲಿಯಲ್ಲಿ ಸುಮ್ನೆ ಕೂರುತ್ತೀರಲ್ಲ, ಅದು ಸಾಲಿಟ್ಯೂಡ್. ಮದುವೆ ಮನೆಯ ಗದ್ದಲದಲ್ಲೂ ನನ್ನನ್ನು ಮಾತಾಡಿಸುವವರಿಲ್ಲ ಅನ್ನಿಸಿದರೆ ಅದು ಲೋನ್ಲಿನೆಸ್.

‘ಸಾಲಿಟ್ಯೂಡ್’ ಪದದ ಬೇರು ಲ್ಯಾಟಿನ್ ಭಾಷೆಯ ‘ಸೋಲಸ್’, ಅಂದರೆ ಒಬ್ಬನೇ. ಸೋಲೋ, ಒಬ್ಬರೇ ಆಡುವ ಇಸ್ಪೀಟಿನ ಸಾಲಿಟೇರ್ ಎಲ್ಲ ಇದರ ನೆಂಟರೇ. ಜೊತೆಗಿಟ್ಟು ಕಲಿತರೆ ಬೇಗ ಮರೆಯುವುದಿಲ್ಲ.

ಜಾಸ್ತಿ ಜನ ಎಡವುವುದು ಬಳಕೆಯಲ್ಲಿ. ಇದು ನಾಮಪದ. ಹಾಗಾಗಿ ‘ಐ ಆಮ್ ಸಾಲಿಟ್ಯೂಡ್’ ಅನ್ನಬೇಡಿ. ‘ಐ ಎಂಜಾಯ್ ಸಾಲಿಟ್ಯೂಡ್’, ‘ಶೀ ವರ್ಕ್ಸ್ ಇನ್ ಸಾಲಿಟ್ಯೂಡ್’ ಅನ್ನಿ. ಈ ಅರ್ಥದಲ್ಲಿ ಮುಂದೆ ‘ಎ’ ಬೇಡ, ಕೊನೆಗೆ ‘ಎಸ್’ ಕೂಡ ಬೇಡ.

‘ಅಲೋನ್’ ಬಳಸುವಾಗಲೂ ಹುಷಾರು. ‘ಹೀ ಲಿವ್ಸ್ ಅಲೋನ್’ ಸರಿ. ‘ಆನ್ ಅಲೋನ್ ಮ್ಯಾನ್’ ತಪ್ಪು. ಅಲ್ಲಿ ‘ಎ ಸಾಲಿಟರಿ ಮ್ಯಾನ್’ ಅನ್ನಬೇಕು.

ಓದಿ ಬಿಟ್ಟರೆ ಸಾಲದು, ಅಲ್ವಾ? ನಿಮ್ಮ ದಿನಚರಿಯಿಂದಲೇ ಎರಡು ವಾಕ್ಯ ಮಾಡಿ ಇಲ್ಲಿ ಹಾಕಿ. ಒಟ್ಟಿಗೆ ತಿದ್ದೋಣ.