ಗಟ್ಟಿ ನೆಲದ ಸ್ಟ್ರೈಕರ್ ಬೆಂಗಳೂರಿಗೆ ಹೊರಡುವ ಮುಂಚೆ

ದಾವಣಗೆರೆ ಕಡೆ ಫುಟ್‌ಬಾಲ್ ಆಡೋ ಹದಿನೈದು ವರ್ಷದ ಹುಡುಗನನ್ನ ಸ್ಟ್ರೈಕರ್, ಅಂದ್ರೆ ಗೋಲು ಹೊಡೆಯೋನು, ಅಂತ ಕರೆಯೋದು ಸಾಮಾನ್ಯವಾಗಿ ಒಂದೇ ಕಾರಣಕ್ಕೆ: ದೂರದಿಂದ ಜೋರಾಗಿ ಒದೀತಾನೆ. ಏಳೇಳು ಜನ ಆಡೋ ಸೆವೆನ್ಸ್ ಟೂರ್ನಿಗೆ ಅಷ್ಟು ಸಾಕು. ಗ್ರೌಂಡು ಚಿಕ್ಕದು, ಗೋಲು ಚಿಕ್ಕದು, ಕೀಪರ್ ಅಂದ್ರೆ ಆವತ್ತು ಓಡೋಕೆ ಮನಸ್ಸಿಲ್ಲದ ಹುಡುಗ, ಪಾಸ್ ಬರೋ ಮುಂಚೆ ಎದುರಾಳಿಗಳನ್ನ ದಾಟಿ ನಿಲ್ಲಬಾರದು ಅನ್ನೋ ಆಫ್‌ಸೈಡ್ ನಿಯಮವೂ ಬಹಳ ಕಡೆ ಇಲ್ಲ. ಅದೇ ಹುಡುಗ ಬೆಂಗಳೂರಿನ ಟ್ರಯಲ್ಸ್‌ಗೆ ಹೋದ್ರೆ ಇಪ್ಪತ್ತು ನಿಮಿಷದಲ್ಲಿ ನಾಲ್ಕು ಸಲ ಆಫ್‌ಸೈಡ್ ಆಗಿ, ಮೂರು ಸಲ ಬಾಲ್ ಮುಟ್ಟಿ ವಾಪಸ್ ಬರ್ತಾನೆ. ಒದೆಯೋ ಕಾಲು ಹಾಗೇ ಇರುತ್ತೆ, ಒದೆಯೋ ಸಂದರ್ಭವೇ ಬಂದಿರಲ್ಲ. ಅದಕ್ಕೇ ಇಲ್ಲಿ ಕೋಚಿಂಗ್ ಮಾಡೋ ನಾವು ಒದೆಯೋದನ್ನ ಕಲಿಸೋಕೆ ಕಡಿಮೆ ಹೊತ್ತು ಕೊಡ್ತೀವಿ. ಬಾಲ್ ಕಾಲಿಗೆ ಬರೋ ಮುಂಚಿನ ಎರಡು ಸೆಕೆಂಡ್‌ಗೆ ಎರಡು ವರ್ಷ ಕೊಡ್ತೀವಿ.

ಮೊದಲು ನೆಲದ ಮಾತು. ಎರೆಮಣ್ಣಿನ ಮೈದಾನ ಬೇಸಿಗೆಗೆ ಬಿರುಕು ಬಿಡುತ್ತೆ, ಮಳೆಗೆ ಬೂಟಿನ ತಳಕ್ಕೆ ಒಂದೊಂದು ಕೆ.ಜಿ. ಅಂಟುತ್ತೆ. ಗರಸಿನ ನೆಲವಾದ್ರೆ ಬಾಲಿನ ಮೇಲ್ಪದರ ಎರಡು ತಿಂಗಳಲ್ಲಿ ಕಿತ್ತುಹೋಗುತ್ತೆ. ಇಂಥ ನೆಲದಲ್ಲಿ ಬಾಲ್ ಯಾವಾಗ ಪುಟಿಯುತ್ತೆ ಅಂತ ಗೊತ್ತಾಗದೆ ಹುಡುಗರು ಅಂಗಾಲಲ್ಲಿ ಅದುಮಿ ನಿಲ್ಲಿಸೋದು ರೂಢಿ ಮಾಡ್ಕೊಂಡಿರ್ತಾರೆ. ಬೆಂಗಳೂರಿನ ಫುಟ್‌ಬಾಲ್ ಸ್ಟೇಡಿಯಂನಲ್ಲಿ ಇರೋದು ಟರ್ಫ್, ಅಂದ್ರೆ ಕೃತಕ ಹುಲ್ಲು. ಅಲ್ಲಿ ಬಾಲ್ ನುಣ್ಣಗೆ, ವೇಗವಾಗಿ ಬರುತ್ತೆ; ಅಂಗಾಲಲ್ಲಿ ಅದುಮೋ ಹೊತ್ತಿಗೆ ಡಿಫೆಂಡರ್ ಬೆನ್ನಿಗೆ ಬಿದ್ದಿರ್ತಾನೆ. ಪಾದದ ಒಳಬದಿಯಲ್ಲಿ, ಬಾಲನ್ನ ಮುಂದಿನ ಹೆಜ್ಜೆ ಇಡೋ ಕಡೆಗೇ ಒಂದು ಮೀಟರ್ ತಳ್ಳಿಕೊಳ್ಳೋ ಟಚ್ ಬೇಕು. ಅದನ್ನ ಕಲಿಸೋಕೆ ನಾವು ಬ್ಯಾಸ್ಕೆಟ್‌ಬಾಲ್ ಅಂಕಣದ ಸಿಮೆಂಟ್ ನೆಲ ಬಳಸ್ತೀವಿ, ಹಳೇ ಚಪ್ಪಟೆ ತಳದ ಶೂನಲ್ಲಿ. ದಿನಕ್ಕೆ ಹದಿನೈದು ನಿಮಿಷ, ಗೋಡೆಗೆ ಒದ್ದು ವಾಪಸ್ ಬಂದ ಬಾಲ್ ಮೇಲೆ. ಸಿಮೆಂಟ್ ಮೇಲೆ ಓಟ ಬೇಡ, ಜಿಗಿತ ಅಂತೂ ಬೇಡ.

ಬಾಲಿನ ಗಾಳಿ ಬಗ್ಗೆ ಯಾರೂ ತಲೆ ಕೆಡಿಸ್ಕೊಳ್ಳಲ್ಲ. ಸೈಜ್ 5 ಬಾಲಿನ ಸುತ್ತಳತೆ 68ರಿಂದ 70 ಸೆಂ.ಮೀ., ತೂಕ 410ರಿಂದ 450 ಗ್ರಾಂ, ಗಾಳಿ 0.6ರಿಂದ 1.1 ಬಾರ್ ಇರಬೇಕು ಅನ್ನೋದು ನಿಯಮ. ಸೈಕಲ್ ಅಂಗಡಿಯಲ್ಲಿ ತುಂಬಿಸಿದ್ರೆ ಕಲ್ಲಾಗುತ್ತೆ. ಗಟ್ಟಿ ನೆಲಕ್ಕೆ 0.7 ಬಾರ್, ಅಂದ್ರೆ ಸುಮಾರು 10 ಪಿ.ಎಸ್.ಐ., ಸಾಕು. ಸೂಜಿ ಒಣಗಿದ್ದಾಗ ಚುಚ್ಚಬೇಡಿ, ವಾಲ್ವ್ ಹರಿಯುತ್ತೆ. ಒಂದು ಹನಿ ನೀರು ಸವರಿ.

ಇನ್ನು ಬೂಟು. ತಳದಲ್ಲಿ ಬ್ಲೇಡಿನಂಥ ಉದ್ದ ಸ್ಟಡ್, ಅಂದ್ರೆ ಮುಳ್ಳು, ಇರೋ ಬೂಟು ಟರ್ಫ್‌ನಲ್ಲಿ ಕಚ್ಚಿಕೊಳ್ಳುತ್ತೆ. ಪಾದ ನಿಂತು ಮೈ ತಿರುಗಿದ್ರೆ ಪೆಟ್ಟು ಮಂಡಿಗೆ. ಚಿಕ್ಕ, ದುಂಡನೆಯ, ಹೆಚ್ಚು ಸ್ಟಡ್ ಇರೋ ಬೂಟು ನಮ್ಮ ಗಟ್ಟಿ ನೆಲಕ್ಕೂ ಆಗುತ್ತೆ, ಟರ್ಫ್‌ಗೂ ಆಗುತ್ತೆ. ಎರಡು ಜೊತೆ ತೆಗೆಯೋ ಶಕ್ತಿ ಇಲ್ಲದ ಮನೆಗೆ ಅದೊಂದೇ ಸಾಕು. ಟ್ರಯಲ್ಸ್‌ಗೆ ಅಂತ ಹಿಂದಿನ ದಿನ ಹೊಸ ಬೂಟು ಕೊಡಿಸೋ ಅಪ್ಪಂದಿರಿಗೆ ಕೈ ಮುಗೀತೀವಿ, ಮೂರು ವಾರ ಮುಂಚೆ ಕೊಡಿಸಿ.

ವಾರಕ್ಕೆ ಎರಡು ದಿನ ಫಿನಿಷಿಂಗ್, ಅಂದ್ರೆ ಗೋಲಿಗೆ ಹೊಡೆಯೋ ಅಭ್ಯಾಸ. ಬೇಕಾಗೋದು 12 ಬಾಲು, 8 ಕೋನು, ಇಬ್ಬರು ಕೀಪರ್, ಎರಡೂ ವಿಂಗ್‌ಗೆ, ಅಂದ್ರೆ ಮೈದಾನದ ಎರಡೂ ಅಂಚಿಗೆ, ಒಬ್ಬೊಬ್ಬ, ಮತ್ತೆ ಒಬ್ಬ ಡಿಫೆಂಡರ್. ಗೋಲು ನಿಜವಾದ ಅಳತೆಯದೇ ಇರಬೇಕು: 7.32 ಮೀಟರ್ ಅಗಲ, 2.44 ಮೀಟರ್ ಎತ್ತರ. ಮೇಲಿನ ಬಾರ್‌ನಿಂದ ಎರಡು ಹಗ್ಗ ಇಳಿಬಿಡಿ, ಆಚೆ ಪೋಸ್ಟ್‌ನಿಂದ ಒಂದು ಮೀಟರ್ ಒಳಗೊಂದು, ಈಚೆಯಿಂದ ಒಂದು ಮೀಟರ್ ಒಳಗೊಂದು. ಹಗ್ಗ ಅಲುಗಾಡದಿರಲಿ ಅಂತ ತುದಿಗೆ ಇಟ್ಟಿಗೆ ಕಟ್ಟೋರಿದ್ದಾರೆ. ಡೈವ್ ಮಾಡಿದ ಕೀಪರ್ ತಲೆ ಒಡ್ಕೊಳ್ತಾನೆ. ಹಳೇ ಸಾಕ್ಸ್‌ಗೆ ಮರಳು ತುಂಬಿ ಕಟ್ಟಿ. ಹಗ್ಗದಾಚೆ, ಮಂಡಿಗಿಂತ ಕೆಳಗೆ ಹೋದದ್ದು ಮಾತ್ರ ಗೋಲು. ನಡುವೆ ಎಷ್ಟೇ ಜೋರಾಗಿ ಹೊಡೆದ್ರೂ ಲೆಕ್ಕಕ್ಕಿಲ್ಲ.

ಸ್ಟ್ರೈಕರ್ ಗೋಲಿನಿಂದ 20 ಮೀಟರ್ ದೂರದಲ್ಲಿ, ಡಿಫೆಂಡರ್ ಪಕ್ಕ ನಿಲ್ತಾನೆ. ವಿಂಗರ್ ಬಾಲ್ ತಗೊಂಡು ಗೋಲ್‌ಲೈನ್ ಹತ್ತಿರ ಹೋಗಿ, ಅಲ್ಲಿಂದ ಪೆನಾಲ್ಟಿ ಗುರುತಿನ ಕಡೆಗೆ, ಅಂದ್ರೆ 11 ಮೀಟರ್ ಜಾಗಕ್ಕೆ, ನೆಲದ ಮೇಲೆ ಹಿಂದಕ್ಕೆ ಕೊಡ್ತಾನೆ. ಈಗ ಸ್ಟ್ರೈಕರ್ ಮಾಡಬೇಕಾದ್ದು ಮೂರು ಹಂತದ ಕೆಲಸ. ಮೊದಲು ಎರಡು ಹೆಜ್ಜೆ ಡಿಫೆಂಡರ್ ಬೆನ್ನ ಹಿಂದಕ್ಕೆ, ಅವನ ಕಣ್ಣಿಗೆ ಬೀಳದ ಜಾಗಕ್ಕೆ. ಡಿಫೆಂಡರ್‌ಗೆ ಬಾಲನ್ನೂ ಇವನನ್ನೂ ಒಟ್ಟಿಗೆ ನೋಡೋಕಾಗಲ್ಲ, ಕತ್ತು ತಿರುಗಿಸ್ತಾನೆ. ತಿರುಗಿಸಿದ ಕ್ಷಣಕ್ಕೆ ಇವನು ಮುಂದಕ್ಕೆ ನುಗ್ಗಬೇಕು. ಕೊನೇ ಹೆಜ್ಜೆ ಚಿಕ್ಕದು, ನಿಂತ ಕಾಲಿನ ಬೆರಳು ಹೊಡೆಯೋ ಮೂಲೆಯ ಕಡೆಗೆ, ಎದೆ ಬಾಲಿನ ಮೇಲೆ ಬಾಗಿರಬೇಕು, ಪಾದದ ಒಳಬದಿಯಲ್ಲಿ ಒಂದೇ ಟಚ್.

ತಪ್ಪೋದು ಎಲ್ಲಿ ಅಂದ್ರೆ, ನೂರಕ್ಕೆ ನೂರು ಹುಡುಗರೂ ಬೇಗ ಓಡಿ ಹೋಗಿ ಆ ಜಾಗದಲ್ಲಿ ನಿಂತು ಕಾಯ್ತಾರೆ. ನಿಂತವನನ್ನ ಹಿಡಿಯೋದು ಡಿಫೆಂಡರ್‌ಗೆ ಸಲೀಸು. ನಾವು ಕೊಡೋ ಗುರುತು ಇಷ್ಟೇ: ವಿಂಗರ್ ಒದೆಯೋಕೆ ತಲೆ ಬಗ್ಗಿಸಿದಾಗ ಹೊರಡು, ಅದಕ್ಕಿಂತ ಮುಂಚೆ ಬೇಡ. ‘ಏ ತಮ್ಮಾ, ತಡ ಮಾಡಿ ಬಾ, ಜೋರಾಗಿ ಬಾ’ ಅಂತ ದಿನಕ್ಕೆ ಐವತ್ತು ಸಲ ಕೂಗ್ತೀವಿ. ಎರಡನೇ ತಪ್ಪು, ಬಾಲ್ ಬಾರ್ ಮೇಲೆ ಹಾರೋದು. ಅದಕ್ಕೆ ಕಾಲನ್ನ ಬಯ್ಯಬೇಡಿ, ನಿಂತ ಕಾಲು ನೋಡಿ. ಬಾಲಿಗಿಂತ ಒಂದು ಗೇಣು ಹಿಂದೆ ಉಳಿದಿರುತ್ತೆ, ಹಾಗಾಗಿ ಮೈ ಹಿಂದಕ್ಕೆ ವಾಲಿರುತ್ತೆ.

ಒಂದು ಅಭ್ಯಾಸಕ್ಕೆ 40 ಹೊಡೆತ, ಅದರಲ್ಲಿ 15 ಬಾರದ ಕಾಲಿನಲ್ಲಿ. ನೂರು ಹೊಡೆಸೋರಿದ್ದಾರೆ, ಸುಸ್ತಾದ ಮೇಲೆ ಹೊಡೆದದ್ದೆಲ್ಲ ತಪ್ಪು ಭಂಗಿಯನ್ನೇ ಗಟ್ಟಿ ಮಾಡುತ್ತೆ, ತೊಡೆಸಂದಿನ ಸ್ನಾಯೂ ಹಿಡ್ಕೊಳ್ಳುತ್ತೆ. ನಲವತ್ತರಲ್ಲಿ ಎಷ್ಟು ಹಗ್ಗದಾಚೆ ಹೋಯ್ತು ಅಂತ ನೋಟ್‌ಬುಕ್‌ನಲ್ಲಿ ಬರೆದಿಡಿ. ಡಿಫೆಂಡರ್ ಇಲ್ಲದಾಗ 25 ದಾಟದ ಹುಡುಗನಿಗೆ ಡಿಫೆಂಡರ್ ಹಾಕೋದು ದಂಡ.

ಆಫ್‌ಸೈಡ್ ನಿಯಮವನ್ನ ಬಾಯಿಪಾಠ ಮಾಡಿಸಿದ್ರೆ ಬರಲ್ಲ. ಪಾಸ್ ಕೊಟ್ಟ ಕ್ಷಣಕ್ಕೆ ಎದುರಾಳಿಯ ಅರ್ಧದಲ್ಲಿ ತಲೆಯಾಗಲಿ, ಮೈಯಾಗಲಿ, ಪಾದವಾಗಲಿ, ಬಾಲಿಗಿಂತಲೂ ಕೊನೆಯಿಂದ ಎರಡನೇ ಎದುರಾಳಿಗಿಂತಲೂ ಗೋಲ್‌ಲೈನ್‌ಗೆ ಹತ್ತಿರ ಇದ್ರೆ ಆಫ್‌ಸೈಡ್ ಜಾಗ. ಕೈ ಲೆಕ್ಕಕ್ಕಿಲ್ಲ. ಥ್ರೋ ಇನ್, ಗೋಲ್ ಕಿಕ್, ಕಾರ್ನರ್‌ನಿಂದ ನೇರವಾಗಿ ಬಂದ ಬಾಲಿಗೆ ಆಫ್‌ಸೈಡೇ ಇಲ್ಲ, ಇದನ್ನ ಎಷ್ಟೋ ಸ್ಟ್ರೈಕರ್‌ಗಳು ಬಳಸ್ಕೊಳ್ಳೋದೇ ಇಲ್ಲ. ಕಲಿಸೋಕೆ ಸುಣ್ಣದಲ್ಲಿ ಅಡ್ಡಗೆರೆ ಎಳೆದು, ಗೆರೆಯ ಗುಂಟ ಅಡ್ಡ ಓಡಿ, ಪಾಸ್ ಹೊರಟ ಮೇಲೆ ಬಿಲ್ಲಿನ ಹಾಗೆ ಬಾಗಿ ಒಳಗೆ ನುಗ್ಗೋದನ್ನ ಮಾಡಿಸ್ತೀವಿ. ನೇರ ಓಡೋನು ಗೆರೆ ದಾಟಿಬಿಡ್ತಾನೆ. ಅಡ್ಡ ಓಡೋನಿಗೆ ಬಾಲೂ ಕಾಣುತ್ತೆ, ಗೆರೆಯೂ ಕಾಣುತ್ತೆ, ವೇಗವೂ ಆಗ್ಲೇ ಬಂದಿರುತ್ತೆ.

ಎತ್ತರ ಇಲ್ಲ ಅಂತ ಹುಡುಗರನ್ನ ವಿಂಗ್‌ಗೆ ತಳ್ಳೋದು ನಮ್ಮಲ್ಲಿ ಇನ್ನೂ ಹೋಗಿಲ್ಲ. ಭಾರತಕ್ಕೆ ಆಡಿದ ಸ್ಟ್ರೈಕರ್ ಸುನೀಲ್ ಛೆಟ್ರಿ ಎತ್ತರದ ಆಳೇನಲ್ಲ. 2002ರಲ್ಲಿ ಕೋಲ್ಕತ್ತದ ಮೋಹನ್ ಬಗಾನ್ ಕ್ಲಬ್ ಸೇರಿದ್ರು, 2005ರಲ್ಲಿ ಪಂಜಾಬಿನ ಜೆಸಿಟಿ ಕ್ಲಬ್ಬಿಗೆ ಹೋದ್ರು, ಅದೇ ವರ್ಷ ಕ್ವೆಟ್ಟಾದಲ್ಲಿ ಪಾಕಿಸ್ತಾನದ ಮೇಲೆ ಭಾರತಕ್ಕೆ ಮೊದಲ ಪಂದ್ಯ ಆಡಿ ಗೋಲು ಹೊಡೆದ್ರು. 2013ರಲ್ಲಿ ಬೆಂಗಳೂರು ಎಫ್‌ಸಿ ಶುರುವಾದಾಗ ಅಲ್ಲಿಗೆ ಬಂದ್ರು. ಅವರ ಹೆಡ್ಡರ್‌ಗಳನ್ನ ನಿಧಾನಗತಿಯಲ್ಲಿ ನೋಡಿ. ಡಿಫೆಂಡರ್ ಏಳೋಕೆ ಮುಂಚೆ ಅವರು ಗಾಳಿಯಲ್ಲಿರ್ತಾರೆ.

ಮೈ ಕಾಪಾಡೋ ವಿಷಯಕ್ಕೆ ಬಂದ್ರೆ, ಫಿಫಾದ 11+ ವಾರ್ಮ್ ಅಪ್ ಪೂರ್ತಿ 20 ನಿಮಿಷ ಮಾಡಿಸಿ, ಸಾಮಾನು ಏನೂ ಬೇಕಿಲ್ಲ, ಒಂದೆರಡು ಸಾಲು ಕೋನ್ ಸಾಕು. ಅದರಲ್ಲಿ ಮಂಡಿಯೂರಿ, ಇನ್ನೊಬ್ಬ ಹಿಮ್ಮಡಿ ಹಿಡಿದಿರುವಾಗ ನಿಧಾನಕ್ಕೆ ಮುಂದಕ್ಕೆ ವಾಲೋ ವ್ಯಾಯಾಮ ಇದೆ. ತೊಡೆಯ ಹಿಂಭಾಗ ಹರಿಯದ ಹಾಗೆ ಕಾಯೋದು ಅದು. 5ರಿಂದ ಶುರು ಮಾಡಿ. ಮೊದಲನೇ ದಿನವೇ 15 ಮಾಡಿಸಿದ್ರೆ ಮೂರು ದಿನ ಮೆಟ್ಟಿಲು ಹತ್ತಲ್ಲ. ಬೆಳೆಯೋ ಹುಡುಗರಿಗೆ ಮಂಡಿಚಿಪ್ಪಿನ ಕೆಳಗೆ ಗಂಟು ಬಂದು ನೋವು ಬಂದ್ರೆ ಅದು ಮೂಳೆ ಬೇಗ ಬೆಳೆದು ಸ್ನಾಯುರಜ್ಜು ಎಳೆಯೋದ್ರಿಂದ. ಆಸ್ಗುಡ್ ಶ್ಲಾಟರ್ ಅಂತ ಅದಕ್ಕೆ ಹೆಸರು. ಡಾಕ್ಟರಿಗೆ ತೋರಿಸಿ, ಜಿಗಿತ ಮತ್ತು ಜೋರು ಹೊಡೆತ ಕಡಿಮೆ ಮಾಡಿ. ಬಿಗಿಯಾಗಿ ಪಟ್ಟಿ ಕಟ್ಟಿ ಆಡಿಸೋದು ಪರಿಹಾರ ಅಲ್ಲ.

ಪಂದ್ಯದ ಬೆಳಿಗ್ಗೆ ಬೆಣ್ಣೆ ದೋಸೆ ಬೇಡ. ನಮ್ಮೂರಿನ ಹುಡುಗರಿಗೆ ಇದನ್ನ ಹೇಳೋದೇ ಕಷ್ಟ, ಆದ್ರೆ ಬೆಣ್ಣೆ ಕರಗೋಕೆ ಹೊತ್ತು ಬೇಕು, ಮೊದಲ ಅರ್ಧದಲ್ಲೇ ಹೊಟ್ಟೆ ಭಾರ. ಮೂರು ಗಂಟೆ ಮುಂಚೆ ಇಡ್ಲಿ ಅಥವಾ ಅವಲಕ್ಕಿ, ಒಂದು ಗಂಟೆ ಮುಂಚೆ ಬಾಳೆಹಣ್ಣು. ದೋಸೆ ಗೆದ್ದ ಮೇಲೆ.

ಕಾಲಿಗಿಂತ ಹೆಚ್ಚು ಹುಡುಗರನ್ನ ಕೆಡಿಸಿರೋದು ಕಾಗದ. ಜನನ ಪ್ರಮಾಣಪತ್ರ, ಎಸ್ಸೆಸ್ಸೆಲ್ಸಿ ಅಂಕಪಟ್ಟಿ, ಆಧಾರ್ ಮೂರರಲ್ಲೂ ಹುಟ್ಟಿದ ದಿನ ಒಂದೇ ಇರಬೇಕು, ಇಂಗ್ಲಿಷಿನಲ್ಲಿ ಹೆಸರಿನ ಅಕ್ಷರವೂ ಒಂದೇ ಇರಬೇಕು. ತಂದೆ ಹೆಸರಿನ ಇನಿಷಿಯಲ್ ಒಂದರಲ್ಲಿ ಮುಂದೆ, ಇನ್ನೊಂದರಲ್ಲಿ ಹಿಂದೆ ಇದ್ರೂ ಅಖಿಲ ಭಾರತ ಫುಟ್‌ಬಾಲ್ ಫೆಡರೇಷನ್ನಿನ ಸಿಆರ್‌ಎಸ್, ಅಂದ್ರೆ ಆಟಗಾರರ ಕೇಂದ್ರೀಯ ನೋಂದಣಿಯಲ್ಲಿ ತಕರಾರು ಬರಬಹುದು. ತಿದ್ದಿಸೋಕೆ ತಿಂಗಳುಗಟ್ಟಲೆ ಹಿಡಿಯುತ್ತೆ, ಹದಿನಾಲ್ಕಕ್ಕೇ ಶುರು ಮಾಡಿ. ವಯಸ್ಸು ಕಡಿಮೆ ಬರೆಸಿದ್ರೆ ಮಣಿಕಟ್ಟಿನ ಎಕ್ಸ್‌ರೇಯಲ್ಲಿ ಮೂಳೆಯ ಬೆಳವಣಿಗೆ ನೋಡಿ ಹಿಡಿಯೋ ಪರೀಕ್ಷೆ ಇದೆ. ಸಿಕ್ಕಿಬಿದ್ದ ಹುಡುಗನ ಹೆಸರು ಎಲ್ಲ ಕ್ಲಬ್‌ಗಳ ಕಿವಿಗೂ ಬೀಳುತ್ತೆ.

ಬೆಂಗಳೂರಿನ ಕ್ಲಬ್ ಲೀಗ್‌ನಲ್ಲಿ ಎಲ್ಲಕ್ಕಿಂತ ಮೇಲೆ ಸೂಪರ್ ಡಿವಿಷನ್, ಅದರ ಕೆಳಗೆ ಎ, ಬಿ, ಸಿ ಡಿವಿಷನ್‌ಗಳಿವೆ. ಸೂಪರ್ ಡಿವಿಷನ್ ಕ್ಲಬ್ಬಿನ ಬೆಂಚಿನಲ್ಲಿ ಕೂರೋದಕ್ಕಿಂತ ಬಿ ಡಿವಿಷನ್‌ನಲ್ಲಿ ಪೂರ್ತಿ ಪಂದ್ಯ ಆಡೋದು ಹದಿನೆಂಟರ ಸ್ಟ್ರೈಕರ್‌ಗೆ ಒಳ್ಳೇದು ಅನ್ನೋದು ನಮ್ಮ ಅಭಿಪ್ರಾಯ. ಮನೆಯವರು ಒಪ್ಪಲ್ಲ, ಜರ್ಸಿ ದೊಡ್ಡದಿರಬೇಕು ಅವರಿಗೆ. ಒಪ್ಪಂದ ಅಂತ ಬಂದ್ರೆ ಬರವಣಿಗೆಯಲ್ಲಿರಬೇಕು. ಫಿಫಾ ನಿಯಮದ ಪ್ರಕಾರ 18 ತುಂಬದವರ ವೃತ್ತಿಪರ ಒಪ್ಪಂದ ಮೂರು ವರ್ಷ ಮೀರುವಂತಿಲ್ಲ. ಪೆಟ್ಟಾದ್ರೆ ಆಸ್ಪತ್ರೆ ಖರ್ಚು ಯಾರದು, ಊಟ ವಸತಿ ಸಂಬಳದಲ್ಲಿ ಮುರ್ಕೊಳ್ತಾರಾ, ಬಿಟ್ಟು ಹೋಗೋಕೆ ಏನು ಷರತ್ತು, ಈ ಮೂರನ್ನ ಓದದೆ ಅಪ್ಪ ಸಹಿ ಹಾಕಬಾರದು. ಒಂದು ಪ್ರತಿ ಮನೆಯಲ್ಲಿರಲಿ.

ಟ್ರಯಲ್ಸ್‌ಗೆ ರಾತ್ರಿ ಬಸ್ಸು ಹಿಡಿದು ಬೆಳಿಗ್ಗೆ ಇಳಿದು ನೇರ ಗ್ರೌಂಡಿಗೆ ಹೋಗೋದು ಬೇಡ. 260 ಕಿ.ಮೀ. ಕಾಲು ಮಡಚಿ ಕೂತವನ ಮೊದಲ ಹತ್ತು ಓಟ ಸತ್ತಿರುತ್ತೆ, ನೋಡೋರು ಗಮನಿಸೋದೂ ಅದನ್ನೇ. ಹಿಂದಿನ ದಿನ ಮಧ್ಯಾಹ್ನವೇ ಹೋಗಿ, ಸಂಜೆ ಅರ್ಧ ಗಂಟೆ ನಡೆಸಿ. ಗ್ರೌಂಡಿನಲ್ಲಿ ಅಂಗಿ ಮೇಲೆ ಹಾಕೋಕೆ ಕೊಟ್ಟ ಬಿಬ್‌ನ ನಂಬರನ್ನ ಅಂಗೈಯಲ್ಲಿ ಬರೆಸಿ. ಪಟ್ಟಿ ಓದುವಾಗ ಹೆಸರಿನ ಬದಲು ನಂಬರೇ ಕೂಗೋದುಂಟು, ಬಿಬ್ ಅಷ್ಟೊತ್ತಿಗೆ ವಾಪಸ್ ಕೊಟ್ಟಾಗಿರುತ್ತೆ.